ಗುರುತಿನ ಕಬ್ಬು

ವಿಮಾನಗಳಿಗೆ ಆಕಾಶದಲ್ಲಿ ದಾರಿ ಬಿಡುವುದು ನನ್ನ ನೌಕರಿ. ರಜೆಯಲ್ಲಿ ಜಮಖಂಡಿಗೆ ಹೊರಟಿದ್ದೆ. ದುರಸ್ತಿ ನಡೆದಿದ್ದ ಸೇತುವೆ, ಒಂದೇ ಗಾಡಿಯ ಅಗಲ. ನಡುವೆ ನಮ್ಮ ಆಟೋಗೆ ಕಬ್ಬಿನ ಟ್ರ್ಯಾಕ್ಟರ್ ಎದುರಾಯಿತು. ಹಿಂದಕ್ಕೆ ಸರಿದು ಬಂದವನೇ, ನಮ್ಮನ್ನು ಸೇತುವೆಗೆ ಬಿಟ್ಟ ಕಾವಲುಗಾರನ ಮೇಲೆ ಹರಿಹಾಯ್ದೆ.

"ಆಕಡಿಂದ ಬರೋ ಕಡೀ ಗಾಡಿಯವ್ನ ಕೈಯಾಗ ಒಂದು ಕಬ್ಬು ಕಳಸ್ತಾರ್ರಿ. ಅದು ಬಂದ್ರ ದಾರಿ ಖಾಲಿ ಅಂತ ಗುರ್ತು. ಇವತ್ತ ನಡುವಿನವ ಒಬ್ಬ ಕಬ್ಬು ತಿನ್ಕೋಂತ ಬಂದ್ನರಿ, ನಾ ಅದನ್ನ ಗುರ್ತಂತ ತಿಳಕೊಂಡೆ."

"ಕಬ್ಬಿನ ಸೀಮ್ಯಾಗ ಕಬ್ಬೇ ಗುರ್ತೇನ್ರಿ?"

"ವೈರ್‌ಲೆಸ್ ಕೇಳಿದ್ವಿರಿ. ಹುಷಾರಾಗಿರ್ರಿ ಅಂತ ಕಾಗದ ಕೊಟ್ಟಾರ."

ನನ್ನ ಸಿಟ್ಟು ಅವನನ್ನು ಬಿಟ್ಟು ಮೇಲಿನವರ ಕಡೆ ಹೊರಳಿತು. ಹಿಂದೊಮ್ಮೆ ನಾನೂ ಇಬ್ಬರ ಕೆಲಸ ಒಬ್ಬನೇ ಮಾಡುತ್ತ ಎರಡು ವಿಮಾನಗಳನ್ನು ಒಂದೇ ಎತ್ತರಕ್ಕೆ ಬಿಟ್ಟಿದ್ದೆ. ಇನ್ನೊಬ್ಬರನ್ನು ಕೊಡಿ ಎಂದಾಗ ನನಗೂ ಅದೇ ಕಾಗದ ಬಂದಿತ್ತು. ನಮ್ಮದು ಇಂಗ್ಲಿಷಿನಲ್ಲಿತ್ತು, ಅಷ್ಟೇ.