ಮುಂಬಯಿ ಬಂದರದ ತೀರ್ಥ

ನಿಜಾಮನ ರಾಜ್ಯ ಇದ್ದಾಗ ಭಾಲ್ಕಿಯವರಾದ ನಮಗ ಮುಂಬಯಿ ಅಂದ್ರ ಪರದೇಶನ. ಅದು ಇಂಗ್ರೇಜರ ಊರು. ಅಪ್ಪ ಮನಿಮಂದಿಗೆಲ್ಲ ಬಂದರ ತೋರಿಸ್ಲಾಕ ಕರ್ಕೊಂಡು ಹೋದಾಗ ನಾನು ಹಡಗ ನೋಡಿ ಕುಣಿದಾಡಿಬಿಟ್ಟೆ.

“ಅಪ್ಪಾ, ಬೀದರ ಕಿಲ್ಲಾನ ತೇಲ್ಲಾಕತ್ತದ!”

ಅವ್ವನ ಲಕ್ಷ್ಯ ಮಾತ್ರ ನೀರಿನ ಮ್ಯಾಲ. ದೊಡ್ಡ ನೀರು ಕಂಡಲ್ಲಿ ಅರಿಶಿಣ ಕುಂಕುಮ ಹಾಕಿ, ಒಂದು ಬೊಗಸಿ ತೀರ್ಥ ತಗೊಳ್ಳೋದು ನಮ್ಮ ಪದ್ಧತಿ. ಆಕಿ ಪಾವಟಿಗಿ ಇಳಿದು ಬೊಗಸಿ ಎತ್ತಿದಳು.

“ಕುಡೀಬ್ಯಾಡ್ರಿ ಅಮ್ಮಾ, ಉಪ್ಪದ!” ಅಂತ ದೋಣಿಯವ ಉರ್ದುದಾಗ ಒದರಿದ.

ಅಷ್ಟರಾಗ ನೀರು ಬಾಯಾಗ ಹೋಗಿತ್ತು. ಅವ್ವನ ಮಾರಿ ಕಿವುಚಿದಂಗಾತು.

“ಉಗುಳ್ರಿ, ಉಗುಳ್ರಿ!”

ಅವ್ವ ಕಣ್ಣ ಮುಚ್ಚಿ ಗುಟಕ್ಕಂತ ನುಂಗಿದಳು. “ತೀರ್ಥ ಉಗುಳ್ತಾರೇನಪಾ?” ಅಂತ ಅವನಿಗೇ ಗದರಿಸಿ, ತಂಬಿಗಿ ತುಂಬ ಅದೇ ನೀರು ತುಂಬಿಕೊಂಡಳು.

ಊರಿಗೆ ಬಂದ ಮ್ಯಾಲ ಓಣಿಯವರೆಲ್ಲ ನಮ್ಮ ಅಂಗಳದಾಗ ಸಾಲಾಗಿ ನಿಂತು ಅಂಗೈ ಒಡ್ಡಿದರು. ಎಲ್ಲರೂ ಕಣ್ಣ ಮುಚ್ಚಿದರು, ಎಲ್ಲರೂ ನುಂಗಿದರು. “ಪರದೇಶದ ನೀರು, ಸಕ್ಕರಿ ಆಗ್ಯದ ನೋಡ್ರಿ” ಅಂದಳು ಬಾಜೂಮನಿ ಅಜ್ಜಿ. ಎಲ್ಲರೂ ಹೌದಂದರು.

ಮುಂದ ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ರಾಜ್ಯ ಹೋತು, ನಮ್ಮದೂ ಮುಂಬಯಿದೂ ಒಂದೇ ದೇಶ ಆತು. ಆಮ್ಯಾಲನ ಓಣಿಯವರು ಒಬ್ಬೊಬ್ಬರಾಗಿ ಬಾಯಿ ಬಿಟ್ಟರು: “ಅವತ್ತಿನ ನೀರು ಭಾಳ ಉಪ್ಪಿತ್ರಿ.”