ಮಗಳ ತಟ್ಟೆಯಿಂದ ಮುದ್ದೆ ತೆಗೆದ ಸುಬ್ಬಮ್ಮ

ಬೆಳಗಿನ ಐದು ಗಂಟೆ. ಹಾಸನದ ಹೊರವಲಯದ ಪುಟ್ಟ ಖಾಸಗಿ ಹಾಸ್ಟೆಲ್ಲೊಂದರ ಅಡುಗೆಮನೆಯಲ್ಲಿ ಸುಬ್ಬಮ್ಮ ಸೊಂಟಕ್ಕೆ ಸೆರಗು ಬಿಗಿದು ಮುದ್ದೆ ತೊಳಸುತ್ತಿದ್ದಾರೆ. ಹೊಗೆ ಕಣ್ಣಿಗೆ ಹೊಡೆದರೂ ಕೋಲು ನಿಲ್ಲುವುದಿಲ್ಲ. ಪಕ್ಕದ ಶೆಡ್ಡಿನಲ್ಲಿ ಕಬ್ಬಿಣ ನೆಲಕ್ಕೆ ಬೀಳುವ ಸದ್ದು. ಭಾರ ಎತ್ತುವ ಹುಡುಗಿಯರು ಆಗಲೇ ಅಭ್ಯಾಸ ಶುರು ಮಾಡಿದ್ದಾರೆ.

ಇಪ್ಪತ್ತೆರಡು ಹುಡುಗಿಯರು. ದಿನಕ್ಕೆ ಐದು ಕೆಜಿ ರಾಗಿಹಿಟ್ಟು, ಅರವತ್ತಾರು ಮೊಟ್ಟೆ, ದೊಡ್ಡ ಪಾತ್ರೆಯ ತುಂಬ ಹುರುಳಿಕಾಳಿನ ಸಾರು. ಹನ್ನೆರಡು ವರ್ಷಗಳಿಂದ ಇದೇ ಲೆಕ್ಕ, ಅಡುಗೆಗೆ ಇವರೊಬ್ಬರೇ. ಬೆವರಿಳಿಸಿಕೊಂಡು ಬಂದು ಸಾಲಾಗಿ ಕೂತ ಹುಡುಗಿಯರಲ್ಲಿ ಒಬ್ಬಳು ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತಾಳೆ.

"ನಂಗೆ ಮುದ್ದೆ ಬ್ಯಾಡ ಸುಬ್ಬಕ್ಕ. ತೂಕ ಜಾಸ್ತಿ ಆಗೈತೆ."

"ಯಾರೇಳಿದ್ದು ಬ್ಯಾಡ ಅಂತ?" ಸುಬ್ಬಮ್ಮನ ದನಿ ಗಡುಸಾಗುತ್ತದೆ. "ಚಿಕ್ಕದಾರೂ ಉಣ್ಣು. ಮಿಕ್ಕಿದ್ದ ಕೋಚ್ ಮೇಡಮ್ಮಾರ ಕೇಳಾಣ."

ಹುಡುಗಿ ಕೈ ತೆಗೆಯುತ್ತಾಳೆ. ಸುಬ್ಬಮ್ಮ ಯಾಕೆ ಹೀಗೆ ಹಟ ಹಿಡಿಯುತ್ತಾರೆಂದು ಈ ಹಾಸ್ಟೆಲ್ಲಿನಲ್ಲಿ ಎಲ್ಲರಿಗೂ ಗೊತ್ತು. ಯಾರೂ ಆ ಮಾತೆತ್ತುವುದಿಲ್ಲ.

ಸುಬ್ಬಮ್ಮ ಕೊರವಂಗಲದ ಕಡೆಯವರು. ಗಂಡ ಗಂಗಯ್ಯ ಕಲ್ಲು ಒಡೆಯುವ ಕೂಲಿಗೆ ಹೋಗುತ್ತಿದ್ದರು. ೧೯೯೪ರಲ್ಲಿ ಮಣ್ಣು ಕುಸಿದು ತೀರಿಕೊಂಡರು. ಎರಡು ವರ್ಷ ಕಂಡವರ ಹೊಲದಲ್ಲಿ ಕಳೆ ಕಿತ್ತ ಸುಬ್ಬಮ್ಮ, ಒಂಬತ್ತು ವರ್ಷದ ಮಗಳು ಧನುಶ್ರೀಯ ಕೈ ಹಿಡಿದು ಇಲ್ಲಿಗೆ ಅಡುಗೆಗೆ ಬಂದು ಸೇರಿದರು.

ಹದಿಮೂರನೇ ವಯಸ್ಸಿನಲ್ಲಿ ಧನುಶ್ರೀ ಇಪ್ಪತ್ತೈದು ಕೆಜಿಯ ಅಕ್ಕಿಮೂಟೆಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದದ್ದನ್ನು ಆಗಿನ ಕೋಚ್ ಬಸವರಾಜು ಕಂಡರು. ಅವತ್ತೇ ಅವಳನ್ನು ಶೆಡ್ಡಿಗೆ ಕರೆದೊಯ್ದರು. ಮೂರು ವರ್ಷ ತುಂಬುವುದರೊಳಗೆ ಐವತ್ತಮೂರು ಕೆಜಿ ವಿಭಾಗದಲ್ಲಿ ರಾಜ್ಯದ ಚಿನ್ನ. "ಅವತ್ತು ನಂಗೆ ಒಲೆ ಮುಂದೆ ಕೂರಕ್ಕೇ ಆಗ್ಲಿಲ್ಲ ಸಾ. ಒಳಗೂ ಹೊರಗೂ ತಿರುಗ್ತಾನೇ ಇದ್ದೆ," ಎನ್ನುತ್ತಾ ಸುಬ್ಬಮ್ಮ ನಗುತ್ತಾರೆ. ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ.

೨೦೦೪ರಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆ ಹತ್ತಿರವಾದಾಗ ಧನುಶ್ರೀಯ ತೂಕ ಐವತ್ತಾರು ದಾಟಿತ್ತು. ಮುದ್ದೆ, ಅನ್ನ, ಬೆಲ್ಲ ಎಲ್ಲ ನಿಲ್ಲಿಸಿ, ಮೊಟ್ಟೆ, ಕೋಳಿ, ಸೊಪ್ಪು ಮಾತ್ರ ಕೊಡಿ ಎಂದರು ಬಸವರಾಜು. ತೂಕವೇನೋ ಇಳಿಯಿತು. ಅದರ ಹಿಂದೆಯೇ ಕಸುವೂ ಇಳಿಯಿತು. ಲೀಲಾಜಾಲವಾಗಿ ಎತ್ತುತ್ತಿದ್ದ ಭಾರ ಮಂಡಿಯ ಮೇಲಕ್ಕೆ ಬರಲೊಲ್ಲದು. ಆಗ ಕೋಚ್ ಪರಿಚಯದವರ ಕಡೆಯಿಂದ ಒಂದು ಡಬ್ಬ ತರಿಸಿದರು. ಶಕ್ತಿ ಬರುವ ಪುಡಿ, ಹೊತ್ತಿಗೆ ಎರಡು ಚಮಚ. ಕಲಸಿ ಕೊಡುವ ಕೆಲಸ ಸುಬ್ಬಮ್ಮನದು.

"ಒಂದಿನ ಎಲ್ರೂ ಉಂಡೋದ್ಮೇಲೆ ಒಲೆತಾವ ಬಂದ್ಲು. 'ಅವ್ವಾ, ಒಂದೇ ಒಂದು ತುತ್ತು ಕೊಡವ್ವ' ಅಂತ ತಟ್ಟೆಗೆ ತಾನೇ ಇಕ್ಕೊಂಡ್ಲು. ನಾನು ಅದ ತೆಗೆದು ಪಾತ್ರೆಗೆ ಹಾಕ್ಬುಟ್ಟೆ ಸಾ. 'ಇನ್ನೆಂಟು ದಿನ ತಡ್ಕೊ ಮಗ' ಅಂದೆ. ಲೋಟದಾಗೆ ಆ ಪುಡಿ ಕಲಸಿ ಕೊಟ್ಟೆ. ಕಣ್ಣುಮುಚ್ಚಿ ಕುಡುದ್ಲು."

ಧನುಶ್ರೀ ಬೆಳ್ಳಿ ಗೆದ್ದಳು. ಎರಡು ತಿಂಗಳ ಮೇಲೆ ಕಾಗದ ಬಂತು: ಮೂತ್ರ ಪರೀಕ್ಷೆಯಲ್ಲಿ ನಿಷೇಧಿತ ಮದ್ದಿನ ಅಂಶ ಸಿಕ್ಕಿದೆ. ಉಳಿದಿದ್ದ ಪುಡಿಯನ್ನು ಪರೀಕ್ಷೆಗೆ ಕಳಿಸಿದರೆ ಅದರಲ್ಲೂ ಅದೇ ಮದ್ದು. ಡಬ್ಬದ ಮೇಲೆ ಅದರ ಹೆಸರೇ ಇರಲಿಲ್ಲ.

ಬೆಂಗಳೂರಿನಲ್ಲಿ ವಿಚಾರಣೆ ನಡೆಯಿತು. ಹುಡುಗಿ ಏನು ತಿಂದಳೋ ತನಗೆ ತಿಳಿಯದು ಎಂದರು ಬಸವರಾಜು. ಧನುಶ್ರೀ ತಲೆ ಎತ್ತಿ ಅವರನ್ನು ಒಮ್ಮೆ ನೋಡಿದಳು. ಬಾಗಿಲ ಬಳಿ ನಿಂತಿದ್ದ ಸುಬ್ಬಮ್ಮ ಕರೆಯದಿದ್ದರೂ ಒಳಗೆ ಹೋದರು. "ಕಲಸಿ ಕೊಟ್ಟೋಳು ನಾನು ಸ್ವಾಮಿ. ಅದೇನು ಶಿಕ್ಷೆ ಐತೋ ನಂಗ್ ಕೊಡಿ."

ಹಿರಿಯ ಅಧಿಕಾರಿಯೊಬ್ಬರು ಎದ್ದು ಬಂದು ಕುರ್ಚಿ ಕೊಟ್ಟರು. ಆಟಗಾರರ ಮೈಯೊಳಗೆ ಏನೇ ಸೇರಿದರೂ ಅದಕ್ಕೆ ಅವರೇ ಹೊಣೆ, ನಿಯಮ ಹಾಗಿದೆ ತಾಯಿ, ಎಂದರು. ಎರಡು ವರ್ಷ ನಿಷೇಧ. ಪದಕ ವಾಪಸ್. ಸಿಗುವುದೆಂದು ಮಾತಾಗಿದ್ದ ಸರ್ಕಾರಿ ನೌಕರಿಯೂ ಹೋಯಿತು.

"ನಂಗೆ ಓದಕ್ಕೆ ಬಂದಿದ್ರೆ ತಡೀತಿದ್ದೆ ಅಂತ ಎಷ್ಟೋ ದಿನ ಅತ್ತೆ," ಎನ್ನುತ್ತಾರೆ ಸುಬ್ಬಮ್ಮ. "ಆಮೇಲೆ ಡಾಕ್ಟ್ರು ಏಳಿದ್ರು, ಓದಿದೋರ್ಗೂ ಗೊತ್ತಾಗ್ತಿರಲಿಲ್ಲ ಅಂತ. ಅಷ್ಟು ಕೇಳುದ್ರೂ ಸಮಾಧಾನ ಆಗ್ಲಿಲ್ಲ. ಕೂಸು ಹೊಟ್ಟೆಗೆ ಇಲ್ದೆ ನಿಂತಿದ್ದು ಕಣ್ಣಿಗೆ ಕಾಣ್ತಿತ್ತಲ್ಲ ಸಾ. ಅದಕ್ಕೆ ಓದು ಬೇಕಿತ್ತಾ?"

ಬಸವರಾಜು ಊರು ಬಿಟ್ಟರು. ಸುಬ್ಬಮ್ಮನೂ ಗಂಟು ಕಟ್ಟಿದ್ದರು. ಹೊಸದಾಗಿ ಬಂದ ಕೋಚ್ ಶಾಂತಕುಮಾರಿ ಇರಿ ಎಂದು ಕೇಳಿಕೊಂಡಾಗ ಒಂದೇ ಷರತ್ತು ಹಾಕಿದರು: ಡಾಕ್ಟರು ನೋಡದ ಪುಡಿ, ಗುಳಿಗೆ ಯಾವುದೂ ಹಾಸ್ಟೆಲ್ಲಿನ ಹೊಸಿಲು ದಾಟಬಾರದು. ನಾಲ್ಕು ವರ್ಷದಲ್ಲಿ ಮೂರು ಸಲ ಹುಡುಗಿಯರ ಪೆಟ್ಟಿಗೆಯಿಂದ ಡಬ್ಬ ಹಿಡಿದಿದ್ದಾರೆ, ಬೈದು ಅಳಿಸಿದ್ದಾರೆ, ಆಮೇಲೆ ಎಣ್ಣೆ ಹಚ್ಚಿ ತಲೆ ಬಾಚಿದ್ದಾರೆ. "ಸುಬ್ಬಮ್ಮ ಇರೋದ್ರಿಂದ ನಾನು ಅರ್ಧ ನಿಶ್ಚಿಂತೆ," ಎನ್ನುತ್ತಾರೆ ಶಾಂತಕುಮಾರಿ. ಈ ಅವಧಿಯಲ್ಲಿ ಇಲ್ಲಿನ ಹುಡುಗಿಯರು ಗೆದ್ದ ರಾಜ್ಯ ಪದಕ ಒಂಬತ್ತು. ಅವೆಲ್ಲ ಸುಬ್ಬಮ್ಮನಿಗೆ ಬಾಯಿಪಾಠ.

ಧನುಶ್ರೀ ನಿಷೇಧ ಮುಗಿದ ಮೇಲೂ ಶೆಡ್ಡಿಗೆ ಮರಳಲಿಲ್ಲ. ಈಗ ಚನ್ನರಾಯಪಟ್ಟಣದಲ್ಲಿ ಟೈಲರ್ ಅಂಗಡಿಯೊಂದರಲ್ಲಿ ಕೆಲಸ. ರಜೆ ಸಿಕ್ಕಾಗ ಬರುತ್ತಾಳೆ, ಅವ್ವನಿಗೆ ರವಿಕೆ ಹೊಲಿದು ತರುತ್ತಾಳೆ, ಪಾತ್ರೆ ತೊಳೆದುಕೊಡುತ್ತಾಳೆ. ಪಕ್ಕದಲ್ಲಿ ಕಬ್ಬಿಣ ಸದ್ದು ಮಾಡಿದರೆ ಅತ್ತ ತಿರುಗುವುದಿಲ್ಲ. ಬಡಿಸಿದ್ದನ್ನು ಉಣ್ಣುತ್ತಾಳೆ, ಇನ್ನಷ್ಟು ಬೇಕು ಎಂದು ಕೇಳುವುದಿಲ್ಲ.

ನಿಮಗೇನಾದರೂ ಆಸೆ ಇದೆಯೇ ಎಂದರೆ ಸುಬ್ಬಮ್ಮ ಮುದ್ದೆ ಕೋಲು ತೊಳೆದು ಗೋಡೆಗೆ ಒರಗಿಸುತ್ತಾರೆ.

"ಒಂದ್ಸಲ ನನ್ನ ಬೈದ್ಬುಡ್ಲಿ ಸಾ. ಬಾಯ್ತುಂಬ ಬೈಲಿ. ಇಷ್ಟು ವರ್ಸಾದ್ರೂ ಅವಳು ನನ್ನ ಒಂದು ಮಾತೂ ಅಂದಿಲ್ಲ."