ಹೆಳವರ ಪುಸ್ತಕದ ಆ ಒಂದು ಸಾಲು

ತಿಪ್ಪಮ್ಮ ಹಾವಿಗೆ ಹೆದರಿದವಳಲ್ಲ, ಪೊಲೀಸರಿಗೆ ಹೆದರಿದವಳಲ್ಲ, ಗಂಡ ಅಡವಿಯಪ್ಪನಿಗಂತೂ ಮೊದಲೇ ಅಲ್ಲ. ಗುಬ್ಬಿಯ ಸುತ್ತಿನ ತೋಟಗಳಲ್ಲಿ ಇಪ್ಪತ್ತೈದು ವರ್ಷ ಅಡಿಕೆ ಸುಲಿದವಳು. ಮಂಡಿಯಲ್ಲಿ ಮೂಟೆ ಹೊರುತ್ತಿದ್ದ ಗಂಡ ಒಂದು ದಿನ ಕೂತಲ್ಲೇ ತೀರಿಕೊಂಡಾಗ, ಹೈಸ್ಕೂಲಿನಲ್ಲಿದ್ದ ಮಗನ ಕೈ ಹಿಡಿದು ತುಮಕೂರಿಗೆ ಬಂದು, ಅವನನ್ನು ಓದಿಸಿ ಮದುವೆ ಮಾಡಿದವಳು. ಅಂಥವಳು ಎಪ್ಪತ್ತು ದಾಟಿದ ಮೇಲೆ, ಈ ಸಲದ ಪಿತೃಪಕ್ಷದಲ್ಲಿ, ಒಂದು ಪುಸ್ತಕಕ್ಕೆ ಹೆದರಿ ಊಟ ಬಿಟ್ಟಳು.

ಶುರುವಾದದ್ದು ಮೊಮ್ಮಗಳಿಂದ. ಮೈಸೂರಿನಲ್ಲಿ ಡಿಗ್ರಿ ಓದುವ ದೀಪಿಕಾ ರಜೆಗೆಂದು ತುಮಕೂರಿನ ಶೆಟ್ಟಿಹಳ್ಳಿಯ ಮನೆಗೆ ಬಂದವಳೇ ಮೊಬೈಲನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟು, ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡು, ಮನೆಯ ಹಳೆಯ ಕಥೆಗಳನ್ನೆಲ್ಲ ಹೇಳು, ನಾಳೆ ನನ್ನ ಮಕ್ಕಳಿಗೂ ಉಳಿಯಲಿ ಎಂದಳು. ತಿಪ್ಪಮ್ಮನ ಹತ್ತಿರ ಕಥೆಗೇನು ಬರವೇ? ಮಾಲಯ ಅಮಾವಾಸ್ಯೆಯ ದಿನ ಸತ್ತ ಹಿರಿಯರಿಗೆಲ್ಲ ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಎಡೆ ಇಡುವುದು ಆ ಮನೆಯ ಪದ್ಧತಿ. ಯಾರಿಗೆ ಏನಿಷ್ಟ ಎನ್ನುವುದು ಅವಳಿಗೆ ಬಾಯಿಪಾಠ. ಅತ್ತೆಗೆ ಸುಟ್ಟ ಮೆಣಸಿನಕಾಯಿ, ಮಾವನಿಗೆ ಬೆಲ್ಲದ ಕಾಫಿ, ಗಂಡನಿಗೆ ಒಂದು ಕಟ್ಟು ಬೀಡಿ. ಒಂದೊಂದಕ್ಕೂ ಒಂದೊಂದು ಕಥೆ. ಎರಡು ದಿನ ಉಪ್ಪು ಖಾರ ಹಚ್ಚಿ ಹೇಳಿದ್ದೇ ಹೇಳಿದ್ದು.

ಮೂರನೆಯ ದಿನ ಮಗ ಉದಯಕುಮಾರ ನಡುವೆ ತಲೆ ಹಾಕಿದ. ಅವನದು ಬಟವಾಡಿಯಲ್ಲಿ ಜೆರಾಕ್ಸ್ ಅಂಗಡಿ. ದಿನವೆಲ್ಲ ಊರಿನವರ ದಾಖಲೆಗಳಿಗೆ ಪ್ಲಾಸ್ಟಿಕ್ ಹೊದಿಸುವ ಮನುಷ್ಯನಿಗೆ ಬಾಯಿಮಾತು ಸಾಲುತ್ತದೆಯೇ? ಕಥೆ ಇರಲಿ, ದಾಖಲೆ ಬೇಕು ಎಂದ. ಗಿರಾಕಿಯೊಬ್ಬನಿಂದ ತಮ್ಮ ಮನೆತನದ ಹೆಳವರ ದ್ಯಾವಪ್ಪನ ನಂಬರು ಸಿಕ್ಕಿದೆ, ಅಮಾವಾಸ್ಯೆಗೆ ಬರುತ್ತಾನೆ, ವಂಶಾವಳಿ ಓದಿಸಿ ವಿಡಿಯೊ ಮಾಡೋಣ ಎಂದು ಸಂಭ್ರಮದಿಂದ ಹೇಳಿದ. ತಿಪ್ಪಮ್ಮ ಕುಡಿಯುತ್ತಿದ್ದ ಕಾಫಿಯನ್ನು ಅರ್ಧಕ್ಕೇ ಕೆಳಗಿಟ್ಟಳು.

ಹೆಳವರೆಂದರೆ ಮನೆತನಗಳ ಹುಟ್ಟುಸಾವುಗಳನ್ನು ತಲೆತಲಾಂತರದಿಂದ ಬರೆದಿಟ್ಟುಕೊಂಡವರು. ಹಿಂದೆ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಬಂದು, ಬಾಗಿಲಲ್ಲಿ ವಂಶ ಓದಿ, ಕಾಳುಕಡಿ ಪಡೆದು ಹೋಗುತ್ತಿದ್ದರು. ಅವರಿಗೆ ಸುಳ್ಳು ಹೇಳಬಾರದೆಂಬುದು ಹಳೆಯವರ ನಂಬಿಕೆ. ತಿಪ್ಪಮ್ಮನ ಅತ್ತೆ ಊರಿಗೆಲ್ಲ ಸುಳ್ಳು ಹೇಳಿದರೂ ದ್ಯಾವಪ್ಪನ ಅಪ್ಪನಿಗೆ ನಿಜ ಹೇಳಿ ಬರೆಸಿಬಿಟ್ಟಿದ್ದಳು.

ನಿಜ ಇಷ್ಟೇ. ನಲವತ್ತಾರು ವರ್ಷದ ಹಿಂದೆ ತಿಪ್ಪಮ್ಮ ಹೆರಿಗೆಗೆಂದು ಕುಣಿಗಲ್ ಕಡೆಯ ತವರಿಗೆ ಹೋದಳು. ಹೆತ್ತ ಮಗು ಚನ್ನೇಶ ಮೂರು ತಿಂಗಳಿಗೆ ಜ್ವರ ಬಂದು ತೀರಿಹೋಯಿತು. ಅದೇ ವಾರ ಅಲ್ಲೇ ಕುಣಿಗಲ್ಲಿನಲ್ಲಿ ಪುಟ್ಟಲಿಂಗಿ ಎಂಬ ದೂರದ ನೆಂಟಳು ಗಂಡುಮಗು ಹೆತ್ತು ಕಣ್ಣು ಮುಚ್ಚಿದಳು. ಅವಳ ಗಂಡ ಮೊದಲೇ ತೀರಿದ್ದ. ಅಡವಿಯಪ್ಪ ಆ ಮಗುವನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದು ಹೆಂಡತಿಯ ಮಡಿಲಿಗೆ ಹಾಕಿದ. ಮೂರು ತಿಂಗಳು ಬಿಟ್ಟು ಗುಬ್ಬಿಗೆ ಬಂದಾಗ, ಬಾಣಂತಿ ಮಗು ಎತ್ತಿಕೊಂಡು ಬಂದಳು ಎಂದಷ್ಟೇ ಜನ ಕಂಡರು. ಗೊತ್ತಿದ್ದವರು ಒಬ್ಬೊಬ್ಬರಾಗಿ ಮಣ್ಣಾದರು. ಈಗ ಗೊತ್ತಿರುವುದು ಇವಳಿಗೆ ಮತ್ತು ಆ ಪುಸ್ತಕಕ್ಕೆ.

ಉದಯನೋ, ಕನ್ನಡಿ ಕಂಡಾಗಲೆಲ್ಲ ನನ್ನ ಮೂಗು ಥೇಟ್ ಅಪ್ಪಂದೇ ಎಂದು ಬೀಗುವವನು. ಪಕ್ಕದ ಬೀದಿಯಲ್ಲಿ ಒಬ್ಬನಿಗೆ ನಲವತ್ತನೆಯ ವಯಸ್ಸಿನಲ್ಲಿ ತಾನು ಸಾಕುಮಗನೆಂದು ತಿಳಿದು, ಮನೆ ಬಿಟ್ಟವನು ತಾಯಿಯ ಹೆಣಕ್ಕೂ ಬರಲಿಲ್ಲ. ತಿಪ್ಪಮ್ಮ ಅದನ್ನು ಕಣ್ಣಾರೆ ಕಂಡಿದ್ದಳು. ಉದಯ ಹೆಳವರ ಮಾತೆತ್ತಿದ ದಿನದಿಂದ ಅವಳು ಊಟದ ತಟ್ಟೆ ಮುಟ್ಟಲಿಲ್ಲ.

ಹಬ್ಬಕ್ಕೆ ಮೂರು ದಿನವಿರುವಾಗ ಗುಬ್ಬಿಯ ಹಳೆಯ ಗೆಳತಿ ಕರಿಬಸಮ್ಮನನ್ನು ನೋಡಿಬರುತ್ತೇನೆಂದು ಸುಳ್ಳು ಹೇಳಿ ಗುಬ್ಬಿ ಬಸ್ಸು ಹತ್ತಿದಳು. ದ್ಯಾವಪ್ಪನ ಮನೆ ಹುಡುಕಿ, ತನಗಿಂತ ಇಪ್ಪತ್ತು ವರ್ಷ ಚಿಕ್ಕವನ ಮುಂದೆ ಕೈ ಮುಗಿದು ನಿಂತಳು. ಆ ಸಾಲು ಅಳಿಸಿಬಿಡು ಎಂದು ಬೇಡಿದಳು.

ದ್ಯಾವಪ್ಪ ಪುಸ್ತಕ ತೆಗೆದು ಆ ಸಾಲಿನ ಮೇಲೆ ಬೆರಳಿಟ್ಟ.

"ನಮ್ಮಪ್ಪ ಬರ್ದಿದ್ದನ್ನ ನಾನ್ ಅಳಿಸೋಕಾಗಲ್ಲ ಕಣ್ ತಾಯಿ. ಬೇಕಾದ್ರೆ ಓದ್ದೆ ಬುಡ್ತೀನಿ. ಆದ್ರೆ ತಿಳ್ಕೋ, ನಿನ್ ಮಗ ಈ ಪುಸ್ತಕದಲ್ಲಿರೋದು ಅದೊಂದೇ ಸಾಲಲ್ಲಿ. ಅದು ಬುಟ್ರೆ ಅವ್ನು ನಿಮ್ ಮನೆತನದಲ್ಲೇ ಇಲ್ಲ."

ಕೊನೆಗೆ ಒಂದು ಒಪ್ಪಂದವಾಯಿತು. ಅಡವಿಯಪ್ಪನ ಹೆಸರು ಓದಿ ಅವನು ನೀರು ಕೇಳುತ್ತಾನೆ. ಅವಳು ನೀರು ಕೊಟ್ಟರೆ ಪುಸ್ತಕ ಅಲ್ಲಿಗೇ ಮುಚ್ಚುತ್ತಾನೆ, ಕೊಡದಿದ್ದರೆ ಮುಂದೆ ಓದುತ್ತಾನೆ. ತಿಪ್ಪಮ್ಮ ಬಸ್ಸಿನಲ್ಲಿ ದಾರಿಯುದ್ದಕ್ಕೂ ನೀರು ಕೊಡುವುದನ್ನೇ ನೆನೆಯುತ್ತಾ ಬಂದಳು.

ಅಮಾವಾಸ್ಯೆಯ ದಿನ ದ್ಯಾವಪ್ಪ ಟಿವಿಎಸ್ ಮೇಲೆ ಬಂದ. ಎಡೆಗೆ ಎಲ್ಲ ಸಿದ್ಧವಾಗಿತ್ತು. ಸೊಸೆ ಅನುಪಮಾ ಕಜ್ಜಾಯದ ತಟ್ಟೆಯನ್ನು ತಂದಿಟ್ಟಿದ್ದಳು. ದೀಪಿಕಾ ಮೊಬೈಲ್ ಹಿಡಿದು ನಿಂತಳು. ಉದಯ ಹಣೆ ತುಂಬ ವಿಭೂತಿ ಬಳಿದುಕೊಂಡು ಚಾಪೆಯ ಮೇಲೆ ಮುಂದೆ ಬಂದು ಕೂತ. ತಿಪ್ಪಮ್ಮ ನೀರಿನ ಚೊಂಬು ಹಿಡಿದು ಬಾಗಿಲಿಗೆ ಒರಗಿ ನಿಂತಳು. ಎದೆ ಹೊಡೆದುಕೊಳ್ಳುವುದು ಎಲ್ಲಿ ಮೊಬೈಲಿಗೆ ಕೇಳಿಸಿಬಿಡುತ್ತದೋ ಎಂದು ಅವಳಿಗೆ ಭಯ.

ದ್ಯಾವಪ್ಪ ರಾಗವಾಗಿ ಓದಿದ. ಮೂಲಪುರುಷನಿಂದ ಹಿಡಿದು ಏಳು ತಲೆಮಾರು ಇಳಿದು ಬಂದವು. ಒಂದೊಂದು ಹೆಸರಿಗೂ ಉದಯ ಇನ್ನಷ್ಟು ಮುಂದಕ್ಕೆ ಜರುಗುತ್ತಿದ್ದ. ಹಾಜರಿ ಕೂಗುವಾಗ ತನ್ನ ಹೆಸರು ಬರುವುದನ್ನು ಕಾಯುವ ಶಾಲೆ ಮಕ್ಕಳ ಹಾಗೆ ಅವನ ಬಾಯಿ ಸ್ವಲ್ಪ ತೆರೆದುಕೊಂಡಿತ್ತು. ಅಡವಿಯಪ್ಪನ ಹೆಸರು ಬಂತು. ದ್ಯಾವಪ್ಪ ನಿಲ್ಲಿಸಿ, ನೀರು ಬೇಕೆಂದ.

ತಿಪ್ಪಮ್ಮ ಎರಡು ಹೆಜ್ಜೆ ಮುಂದಿಟ್ಟಳು. ಉದಯ ತಿರುಗಿ ಅವಳನ್ನು ನೋಡಿ ನಕ್ಕ. "ಅವ್ವ, ಇನ್ನು ನಂದೇ," ಎಂದ. ಕಾಲು ಅಲ್ಲೇ ನಿಂತಿತು. ಪುಸ್ತಕ ಇಲ್ಲಿಗೇ ಮುಚ್ಚಿಸಿ, ಈ ಮುಖಕ್ಕೆ ನೀನು ಈ ಮನೆಯವನಲ್ಲ ಎಂದು ಹೇಗೆ ಹೇಳಿಸುವುದು? ಚೊಂಬನ್ನು ನೆಲಕ್ಕಿಟ್ಟಳು.

"ಓದಪ್ಪ, ನೀರು ಆಮೇಕೆ ಕುಡೀವಂತೆ," ಎಂದಳು. ದನಿ ಅವಳದೇ ಎಂದು ಅವಳಿಗೇ ಅನ್ನಿಸಲಿಲ್ಲ.

ಅವನು ಓದಿದ. ಅಡವಿಯಪ್ಪನ ಹೆಂಡತಿ ತಿಪ್ಪಮ್ಮ. ಹೆತ್ತ ಮಗ ಚನ್ನೇಶ, ಮೂರು ತಿಂಗಳಿಗೆ ತೀರಿದ. ಕುಣಿಗಲ್ಲಿನ ಪುಟ್ಟಲಿಂಗಿ ಹೆತ್ತು ತೀರಿದ ಗಂಡುಕೂಸು, ತಿಪ್ಪಮ್ಮ ಮಡಿಲಿಗೆ ಹಾಕಿಕೊಂಡು ಹಾಲೂಡಿದ ಮಗ, ಉದಯಕುಮಾರ.

ದೀಪಿಕಾಳ ಮೊಬೈಲು ಮೆಲ್ಲನೆ ಕೆಳಗಿಳಿಯಿತು. ಉದಯ ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ, ತಾಯಿಯ ಕಡೆ ನೋಡದೆ ಎದ್ದು ಒಳಗೆ ಹೋದ. ಒಳಗೆ ಏನೋ ಎಳೆದ ಸದ್ದು. ಪಕ್ಕದ ಬೀದಿಯವನೂ ಹೀಗೇ ಮಾತಿಲ್ಲದೆ ಬ್ಯಾಗು ಎಳೆದುಕೊಂಡಿದ್ದ. ತಿಪ್ಪಮ್ಮ ಗೋಡೆ ಹಿಡಿದು ಕೂತುಬಿಟ್ಟಳು.

ಉದಯ ಹೊರಗೆ ಬಂದ. ಕೈಯಲ್ಲಿ ಎರಡು ಬಾಳೆಎಲೆ. ಅಡವಿಯಪ್ಪನ ಎಲೆಯ ಪಕ್ಕದಲ್ಲಿ ಅವೆರಡನ್ನೂ ಹಾಸಿ ನೀರು ಚಿಮುಕಿಸಿದ. ಒಂದು ಎಲೆಯ ಮೇಲೆ ಹಾಲಿನ ಲೋಟ ಇಟ್ಟ. ಅದು ಚನ್ನೇಶನದು, ಹೇಳಬೇಕಾಗಿರಲಿಲ್ಲ. ಇನ್ನೊಂದು ಎಲೆಯ ಮುಂದೆ ಕೂತ.

"ಅವ್ವ, ಅವ್ಳಿಗೇನಿಷ್ಟ ಇತ್ತು?"

ಮನೆತನದ ಏಳು ತಲೆಮಾರಿನ ರುಚಿ ಬಲ್ಲ ತಿಪ್ಪಮ್ಮ ತಲೆ ತಗ್ಗಿಸಿದಳು.

"ಗೊತ್ತಿಲ್ಲ ಕಣಪ್ಪ. ಯಾರನ್ನೂ ಕೇಳ್ಲಿಲ್ಲ. ಕೇಳಿದ್ರೆ ಎಲ್ಲಿ ನಿನ್ನ ವಾಪಸ್ ಕೇಳ್ಬುಡ್ತಾರೋ ಅಂತ ಹೆದ್ರಿಕೆ."

ಉದಯ ಕಜ್ಜಾಯದ ತಟ್ಟೆ ಎಳೆದುಕೊಂಡು, ಚಿಕ್ಕಂದಿನಿಂದ ತಾನು ಕದ್ದು ತಿನ್ನುತ್ತಿದ್ದ ಅಂಚು ಸೀದ ಕಜ್ಜಾಯಗಳನ್ನು ಹುಡುಕಿ ಹುಡುಕಿ ತೆಗೆದು ಆ ಎಲೆಗೆ ಬಡಿಸಿದ.